ಜಗಳಕ್ಕೆ ಬರುವ ಮುಂಚೆ ಕತೆ ಓದಿ

ಪುಸ್ತಕ ಸುದ್ದಿಯಾಗೋದು ಒಳ್ಳೇದೇ ಅಂತ ನನ್ನ ಗೆಳೆಯರ ವಾದ. ಸುದ್ದಿಯಾದರೆ ನಾಲ್ಕು ಜನ ಹುಡುಕಿಕೊಂಡು ಹೋಗಿ ಓದ್ತಾರಂತೆ. ನನಗೆ ಅಷ್ಟು ನಂಬಿಕೆ ಇಲ್ಲ. 2025ರಲ್ಲಿ ಬಾನು ಮುಷ್ತಾಕ್ ವಿಷಯದಲ್ಲಿ ಆದದ್ದನ್ನೇ ನೋಡಿ.

ಮೇ 20ಕ್ಕೆ ಇಲ್ಲೇ ಲಂಡನ್ನಿನಲ್ಲಿ ಅವರ 'ಹಾರ್ಟ್ ಲ್ಯಾಂಪ್'ಗೆ ಇಂಟರ್‌ನ್ಯಾಷನಲ್ ಬುಕರ್ ಬಂತು. ಕನ್ನಡಕ್ಕೆ ಮೊದಲ ಸಲ, ಸಣ್ಣಕತೆಗಳ ಸಂಕಲನಕ್ಕೂ ಮೊದಲ ಸಲ. ಇಂಗ್ಲೆಂಡಿನಲ್ಲಿರುವ ನಮ್ಮಂಥವರಿಗೆ ಒಂದು ವಾರ ಹಬ್ಬವೋ ಹಬ್ಬ. ವಾಟ್ಸಾಪ್ ಗ್ರೂಪಿನ ತುಂಬ ಹಳದಿ-ಕೆಂಪು ಬಾವುಟ, ಸಿರಿಗನ್ನಡಂ ಗೆಲ್ಗೆ... ಪುಸ್ತಕದಲ್ಲಿರೋದು ಹನ್ನೆರಡು ಕತೆ. ಒಂದರ ಹೆಸರನ್ನಾದರೂ ಯಾರೂ ಎತ್ತಲಿಲ್ಲ.

ಮೂರು ತಿಂಗಳು ಕಳೀತು. ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಅವರನ್ನೇ ಕರೆಯಿತು ನೋಡಿ, ಅದೇ ಗ್ರೂಪಿನಲ್ಲಿ ಜಗಳ ಶುರು. ಕನ್ನಡವನ್ನು ಭುವನೇಶ್ವರಿಯಾಗಿ ಕಾಣುವುದರ ಬಗ್ಗೆ ಅವರು ಹಿಂದೆ ಆಡಿದ್ದ ಮಾತಿನ ವಿಡಿಯೋ ತುಣುಕೊಂದು ಎಲ್ಲರ ಫೋನಿಗೂ ಬಂತು. ಆ ಮಾತನ್ನು ಒಪ್ಪದೇ ಇರಬಹುದು, ನನಗೂ ಅದರ ಬಗ್ಗೆ ತಕರಾರಿದೆ, ಅದು ಬೇರೆ ಪ್ರಶ್ನೆ. ಆದರೆ 2017ರಲ್ಲಿ ನಿಸಾರ್ ಅಹಮದ್ ದಸರಾ ಉದ್ಘಾಟಿಸಿದ್ದು ಯಾರಿಗೂ ನೆನಪೇ ಇರಲಿಲ್ವಾ? ಹೈಕೋರ್ಟು, ಸುಪ್ರೀಂ ಕೋರ್ಟು ಎರಡೂ ಕಡೆ ಅರ್ಜಿ ವಜಾ ಆಗಿ, ಸೆಪ್ಟೆಂಬರ್ 22ಕ್ಕೆ ಉದ್ಘಾಟನೆ ನಡೀತು. ಕತೆಗಳ ಮಾತು ಆಗಲೂ ಬರಲಿಲ್ಲ. ನಮ್ಮ ಟೀಮಿನಲ್ಲೂ ಇಂಥವರಿದ್ದಾರೆ, ಬಗ್ಗಿನ ಶೀರ್ಷಿಕೆ ಓದಿಯೇ ಉದ್ದುದ್ದ ಕಾಮೆಂಟ್ ಬರೀತಾರೆ.

ನನ್ನ ಹೊಟ್ಟೆಯುರಿ ಏನಂದ್ರೆ, ಈ ಕತೆಗಳು ಹುಟ್ಟಿದ್ದೇ ಸುದ್ದಿಯ ಪಕ್ಕದಲ್ಲಿ. ಬಾನು ಲಂಕೇಶ್ ಪತ್ರಿಕೆಗೆ ವರದಿ ಮಾಡ್ತಿದ್ದವರು, ಆಮೇಲೆ ಹಾಸನದಲ್ಲಿ ವಕೀಲರಾದವರು. 1985ರಲ್ಲಿ ಶಾ ಬಾನೊ ತೀರ್ಪು ಬಂದು, ಮರುವರ್ಷ ಅದನ್ನು ಮಂಕಾಗಿಸುವ ಕಾಯ್ದೆಯೂ ಬಂದು ದೇಶವೆಲ್ಲ ಜೀವನಾಂಶದ ಬಗ್ಗೆ ಮಾತಾಡಿತಲ್ಲ, ಅದೆಲ್ಲ ಧರ್ಮ, ವೋಟು, ಪಾರ್ಲಿಮೆಂಟಿನ ಮಾತು. ಅವರ 'ಕರಿ ನಾಗರಗಳು' ಓದಿದರೆ ಅದೇ ಪ್ರಶ್ನೆ ಒಂದು ಓಣಿಗೆ ಇಳಿದು ಬರುತ್ತೆ. ಹೆಣ್ಣುಮಕ್ಕಳನ್ನೇ ಹೆತ್ತಳು ಅಂತ ಗಂಡ ಬಿಟ್ಟುಹೋದ ಹೆಂಗಸು, ಕಾಯಿಲೆಬಿದ್ದ ಮಗುವನ್ನು ಕಟ್ಟಿಕೊಂಡು ಮುತವಲ್ಲಿಯ ಹತ್ತಿರ ನ್ಯಾಯ ಕೇಳ್ತಾಳೆ. ಮಗುವಿನ ಔಷಧಿಗೆ ದುಡ್ಡು ಯಾರು ಕೊಡ್ತಾರೆ? ಎರಡೂ ಪಕ್ಷದವರ ಭಾಷಣದಲ್ಲಿ ಈ ಪ್ರಶ್ನೆಗೆ ಜಾಗ ಇರಲಿಲ್ಲ.

ಸಿನಿಮಾದವರಲ್ಲಿ ಇದನ್ನು ಹಿಡಿದವರು ಗಿರೀಶ್ ಕಾಸರವಳ್ಳಿ. ಈ ಕತೆಯನ್ನೇ 2004ರಲ್ಲಿ 'ಹಸೀನಾ' ಮಾಡಿದರು, ತಾರಾಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. ನನ್ನ ಮಟ್ಟಿಗೆ ಸಾಹಿತ್ಯ ಜನರ ಹತ್ತಿರ ಹೋಗೋದು ಅಂದ್ರೆ ಇದು. ಲೇಖಕಿಯ ಫೋಟೋ ಬಾವುಟವಾಗೋದಲ್ಲ, ಅವರ ಪಾತ್ರ ಇನ್ನೊಬ್ಬರ ಮೈಮೇಲೆ ಬರೋದು. ಬುಕರ್‌ಗೂ ಇಪ್ಪತ್ತು ವರ್ಷ ಮುಂಚೆ ನಮ್ಮ ಕೈಯಲ್ಲೇ ಇದ್ದ ಸಿನಿಮಾ ಅದು ಸ್ವಾಮಿ.

ಇನ್ನೊಂದು ಮಾತು. ಹೆಂಗಸರಿಗೂ ಮಸೀದಿ ಪ್ರವೇಶ ಇರಬೇಕು ಅಂದದ್ದಕ್ಕೆ 2000ದಲ್ಲಿ ಬಾನು ತಮ್ಮದೇ ಸಮುದಾಯದಿಂದ ಬಹಿಷ್ಕಾರ ಅನುಭವಿಸಿದವರು. 2025ರಲ್ಲಿ ಬೆಟ್ಟ ಹತ್ತಬೇಡಿ ಅಂದವರು ಇನ್ನೊಂದು ಕಡೆಯವರು. ಎರಡು ಕಡೆಗೂ ಬೇಡವಾದ ಹೆಂಗಸನ್ನು ಯಾವುದೋ ಒಂದು ಕಡೆಯ ಪ್ರತಿನಿಧಿ ಮಾಡಿ ಕೂರಿಸೋದು ಅಷ್ಟು ಸುಲಭವಾ?

ಕನ್ನಡ ಪ್ರತಿ ಇಲ್ಲಿ ಸಿಗಲ್ಲ ಅನ್ನೋರಿಗೆ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದ ಇದೆ. ಕನ್ನಡ, ಉರ್ದು ಪದಗಳನ್ನು ಓರೆ ಅಕ್ಷರದಲ್ಲಿ ಬೇರೆ ಮಾಡದೆ, ಅಡಿಟಿಪ್ಪಣಿ ಹಾಕದೆ ಹಾಗೇ ಬಿಟ್ಟಿದ್ದಾರೆ. ಇಂಗ್ಲಿಷಿನವರು ಕಷ್ಟಪಟ್ಟು ಓದ್ತಾರೆ, ನಮಗೇನು ದಾಡಿ?

ಗೆಳೆಯರೇ, ಮುಂದಿನ ಸಲ ಗ್ರೂಪಿನಲ್ಲಿ ಜಗಳಕ್ಕೆ ಬರುವ ಮುಂಚೆ 'ಕರಿ ನಾಗರಗಳು' ಓದ್ಕೊಂಡು ಬನ್ನಿ. ಆ ಮುತವಲ್ಲಿಯ ಹೆಂಡತಿ ಕೊನೆಗೆ ಮಾಡಿದ್ದು ಸರಿಯೋ ತಪ್ಪೋ ಅಂತ ರಾತ್ರಿಯೆಲ್ಲ ಜಗಳ ಆಡೋಣ, ನಾನು ರೆಡಿ.