ಸ್ವಾಮಿಯಿಲ್ಲದ ಸ್ವಾಮಿನಿಷ್ಠೆ : ಸಂಗೊಳ್ಳಿ ರಾಯಣ್ಣನನ್ನು ಕುರಿತು ಒಂದು ಚಿಂತನೆ



ಸಂಗೊಳ್ಳಿ ರಾಯಣ್ಣನ ಹೆಸರನ್ನು ಎತ್ತಿದೊಡನೆ ‘ರಾಣಿ ಚೆನ್ನಮ್ಮನವರ ಬಲಗೈ ಬಂಟ’ ಎಂಬ ವಿಶೇಷಣವೂ ಬಂದು ಸೇರಿಕೊಳ್ಳುತ್ತದೆ. ವೇದಿಕೆಯ ಭಾಷಣಗಳಲ್ಲಿ, ನಾಟಕಗಳಲ್ಲಿ, ಉತ್ಸವಗಳ ಆಮಂತ್ರಣ ಪತ್ರಿಕೆಗಳಲ್ಲಿ ಈ ಮಾತು ಎಷ್ಟು ರೂಢವಾಗಿದೆಯೆಂದರೆ, ಅದು ಆ ವೀರನಿಗೆ ನಿಜವಾಗಿಯೂ ಒಪ್ಪುತ್ತದೆಯೇ ಎಂದು ಯೋಚಿಸುವ ವ್ಯವಧಾನ ಯಾರಿಗೂ ಇರುವುದಿಲ್ಲ. ಬಂಟ, ಆಳು, ಸೇವಕ, ಸ್ವಾಮಿನಿಷ್ಠ ಎಂಬ ಪದಗಳು ಹೊಗಳಿಕೆಯಂತೆ ಕಾಣುತ್ತವೆ. ಆದರೆ ರಾಯಣ್ಣನ ಜೀವನವನ್ನು ವರ್ಷಗಳ ಅನುಕ್ರಮದಲ್ಲಿಟ್ಟು ನೋಡಿದರೆ ಈ ಹೊಗಳಿಕೆ ಅವನನ್ನು ಕುಗ್ಗಿಸುತ್ತದೆ ಎಂಬುದೇ ಈ ಲೇಖಕನ ಅಭಿಪ್ರಾಯ.

ಆ ಅನುಕ್ರಮವನ್ನು ಮೊದಲು ನೆನಪಿಸಿಕೊಳ್ಳೋಣ. ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜನು 1824ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡನು. ಅವನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ನಡೆದ ಯುದ್ಧದಲ್ಲಿ ಥ್ಯಾಕರೆ ಹತನಾದನು. ಡಿಸೆಂಬರ್ ಮೊದಲ ವಾರದಲ್ಲಿ ಕಂಪನಿಯ ದೊಡ್ಡ ಸೈನ್ಯ ಮತ್ತೆ ಬಂದು ಕೋಟೆಯನ್ನು ವಶಪಡಿಸಿಕೊಂಡಿತು. ರಾಣಿಯವರನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. 1829ರ ಫೆಬ್ರುವರಿಯಲ್ಲಿ ಅವರು ಅಲ್ಲಿಯೇ ಲಿಂಗೈಕ್ಯರಾದರು. 1824ರ ಹೋರಾಟದಲ್ಲಿ ಸೆರೆಸಿಕ್ಕು ಬಿಡುಗಡೆ ಹೊಂದಿದ್ದ ರಾಯಣ್ಣನು ದಂಡು ಕಟ್ಟಿಕೊಂಡು ಕಂಪನಿಯ ಕಚೇರಿಗಳನ್ನು ಸುಟ್ಟು, ಖಜಾನೆಗಳನ್ನು ವಶಪಡಿಸಿಕೊಂಡು, ಕಾಡುಮೇಡುಗಳಲ್ಲಿ ಯುದ್ಧ ನಡೆಸಿದ್ದು 1829ರ ಕೊನೆಯಿಂದ 1830ರ ಏಪ್ರಿಲ್‌ವರೆಗೆ.

ಎಂದರೆ, ಅವನು ಖಡ್ಗ ಹಿಡಿದು ಹೊರಟಾಗ ಅವನಿಗೆ ಅಪ್ಪಣೆ ಕೊಡಬೇಕಾದ ರಾಣಿ ಇರಲಿಲ್ಲ. ಅವನು ಸೇವೆ ಸಲ್ಲಿಸಬೇಕಾದ ಸಂಸ್ಥಾನ ಅಳಿದು ಐದು ವರ್ಷಗಳಾಗಿದ್ದವು. ಮಾರುವೇಷದಲ್ಲಿ ಬೈಲಹೊಂಗಲದ ಸೆರೆಮನೆಗೆ ಹೋಗಿ ರಾಣಿಯವರಿಂದ ಅವನು ಆಶೀರ್ವಾದ ಪಡೆದು ಬಂದನೆಂದು ಜನಪದ ಕಥನ ಹೇಳುತ್ತದೆ. ಅದು ಹಾಗೆಯೇ ನಡೆದಿದ್ದರೂ ಪ್ರಶ್ನೆ ಉಳಿಯುತ್ತದೆ: ಆಶೀರ್ವದಿಸಿದವರು ಕಣ್ಮುಚ್ಚಿದ ಮೇಲೂ ಆಳು ತನ್ನ ಆಳ್ತನವನ್ನು ಬಿಡದೆ ನಡೆದನೆಂದರೆ, ಅವನು ಯಾರ ಆಳು? ಅವನ ಹೋರಾಟ ದತ್ತಕಪುತ್ರ ಶಿವಲಿಂಗಪ್ಪನನ್ನು ಗಾದಿಗೆ ತರುವುದಕ್ಕಾಗಿ ನಡೆಯಿತು, ನಿಜ. ಆದರೆ ಆ ಹುಡುಗನ ಕೈಯಲ್ಲಿ ಅಪ್ಪಣೆ ಕೊಡುವ ಅಧಿಕಾರವಾಗಲಿ, ಬಹುಮಾನ ಕೊಡುವ ಬೊಕ್ಕಸವಾಗಲಿ ಇರಲಿಲ್ಲ. ಅವನನ್ನು ದೊರೆಯನ್ನಾಗಿಸಿದ್ದು ರಾಯಣ್ಣನ ನಿಷ್ಠೆಯೇ ಹೊರತು, ಆ ನಿಷ್ಠೆ ಹುಟ್ಟಿದ್ದು ಅವನ ದೊರೆತನದಿಂದಲ್ಲ.

ಕನ್ನಡ ನಾಡಿನಲ್ಲಿ ನಿಷ್ಠಾವಂತ ಆಳನ್ನು ಕುರಿತ ಕಲ್ಪನೆ ಬಹಳ ಹಳೆಯದು. ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ‘ಜೋಳವಾಳಿ’, ‘ವೇಳೆವಾಳಿ’ ಎಂಬ ಎರಡು ಮಾತುಗಳು ಬರುತ್ತವೆ, ಡಾ. ಎಂ. ಚಿದಾನಂದಮೂರ್ತಿಯವರು ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನದಲ್ಲಿ ಇವುಗಳನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಉಂಡ ಜೋಳದ ಋಣವನ್ನು ರಣದಲ್ಲಿ ತೀರಿಸುವುದು ಜೋಳವಾಳಿ. ಒಡೆಯ ಮಡಿದರೆ ತಾನೂ ಬದುಕಿರಲಾರೆನೆಂಬ ಪ್ರತಿಜ್ಞೆ ವೇಳೆವಾಳಿ. ಹಳೇಬೀಡಿನಲ್ಲಿ ಹೊಯ್ಸಳ ವೀರಬಲ್ಲಾಳನಿಗಾಗಿ ಪ್ರಾಣವಿತ್ತ ಕುವರಲಕ್ಷ್ಮನ ಸ್ತಂಭವನ್ನು ಕಂಡವರಿಗೆ ವೇಳೆವಾಳಿಯ ತೀವ್ರತೆ ಎಂಥದೆಂದು ಬೇರೆ ಹೇಳಬೇಕಾಗಿಲ್ಲ.

ಜೋಳವಾಳಿಗೆ ನಮ್ಮ ಸಾಹಿತ್ಯದ ಉಜ್ವಲ ಉದಾಹರಣೆ ಪಂಪನ ಕರ್ಣ. ಅವನ ಹುಟ್ಟು ಅವನಿಗೇ ಮರೆಯಾಗಿದ್ದ ಭೂತಕಾಲ. ಮೊದಲು ಕೃಷ್ಣ, ಆಮೇಲೆ ಗಂಗೆಯ ದಡದಲ್ಲಿ ಕುಂತಿ ಆ ಭೂತಕಾಲವನ್ನು ಅವನ ಮುಂದೆ ತೆರೆದಿಡುತ್ತಾರೆ. ಒಂದು ಕಡೆ ಹೆತ್ತ ತಾಯಿ ಮತ್ತು ಒಡಹುಟ್ಟಿದವರು, ಇನ್ನೊಂದು ಕಡೆ ಅನ್ನವಿಕ್ಕಿ ಮಾನವಿತ್ತ ದುರ್ಯೋಧನ. ಕರ್ಣ ಒಳಗೇ ಬೆಂದನು. ಆದರೂ ಆಯ್ದುಕೊಂಡದ್ದು ವರ್ತಮಾನದ ಋಣವನ್ನು. ಕನ್ನಡಿಗರಿಗೆ ಅವನು ಇಂದಿಗೂ ಪ್ರಿಯನಾಗಿರುವುದು ಈ ಸಂಕಟದಿಂದಲೇ.

ರಾಯಣ್ಣನ ಮುಂದೆ ಬಂದ ಸಂಕಟ ಇದರ ತಿರುವುಮುರುವು ರೂಪ. ಅವನು ‘ಶೇತಸನದಿ’ಯಾಗಿದ್ದನು ಎಂದು ಎಲ್ಲ ಪುಸ್ತಕಗಳೂ ಬರೆಯುತ್ತವೆ, ಬರೆದು ಮುಂದೆ ಸಾಗುತ್ತವೆ. ಆ ಪದದಲ್ಲಿ ಸ್ವಲ್ಪ ನಿಲ್ಲಬೇಕು. ‘ಶೇತ’ ಎಂದರೆ ಹೊಲ. ‘ಸನದು’ ಎಂದರೆ ಅಧಿಕಾರಪತ್ರ. ಊರಿನ ಕಾವಲು, ಕಂದಾಯದ ಕೆಲಸಕ್ಕೆ ಒತ್ತಾಸೆ, ಯುದ್ಧ ಬಂದಾಗ ಆಯುಧ ಹಿಡಿದು ಹಾಜರಾಗುವುದು ಇವೆಲ್ಲಕ್ಕೆ ಪ್ರತಿಯಾಗಿ ಸನದಿನ ಮೂಲಕ ಹೊಲವನ್ನು ಉಣ್ಣುವವನು ಶೇತಸನದಿ. ನಮ್ಮ ಕಡೆಯ ಹಳ್ಳಿಗಳಲ್ಲಿ ವಾಲೀಕಾರಿಕೆಯನ್ನು ಬಲ್ಲವರಿಗೆ ಈ ವ್ಯವಸ್ಥೆ ಅಪರಿಚಿತವಲ್ಲ. ಸಂಬಳವಿಲ್ಲ, ಹೊಲವೇ ಸಂಬಳ. ಆ ಹೊಲದಲ್ಲಿ ಬೆಳೆದ ಜೋಳವೇ ಅವನ ಋಣ. ಮಲಪ್ರಭೆಯ ದಡದ ಆ ಕರಿಮಣ್ಣಿನಲ್ಲಿ ಜೋಳವಾಳಿ ಎಂಬುದು ಅಲಂಕಾರದ ಮಾತಾಗಿರಲಿಲ್ಲ.

1824ರ ಡಿಸೆಂಬರ್ ಕಳೆದ ಮೇಲೆ ಆ ಹೊಲದ ಒಡೆತನದ ಮಾತೇ ಬದಲಾಯಿತು. ಸನದು ಕೊಟ್ಟ ಮನೆತನ ಅಳಿಯಿತು, ಕಂಪನಿ ಸರಕಾರ ಬಂದಿತು. ಇನ್ನು ಮುಂದೆ ಹೊಲ ಉಳಿಯಬೇಕಾದರೆ ಶೇತಸನದಿಗಳು ಹೊಸ ಸರಕಾರದ ಚಾಕರಿಯನ್ನೇ ಮಾಡಬೇಕು, ಕಿತ್ತೂರನ್ನು ಮರೆಯಬೇಕು. ಮರೆವೇ ಆ ಹೊಸ ಸೇವೆಯ ಮೊದಲ ಷರತ್ತಾಗಿತ್ತು ಎನ್ನಬಹುದು. ರಾಯಣ್ಣನ ಜಮೀನಿನ ಬಹುಭಾಗವನ್ನು ಸರಕಾರ ಕಸಿದುಕೊಂಡಿತು, ಉಳಿದುದರ ಮೇಲೆ ಭಾರವಾದ ತೆರಿಗೆ ಹಾಕಿತು. ಊರಿನ ಕುಲಕರ್ಣಿಯಿಂದ ಅವನ ತಾಯಿಗಾದ ಅವಮಾನದ ಕಥೆಯನ್ನು ಲಾವಣಿಗಳು ಹಾಡುತ್ತ ಬಂದಿವೆ.

ಇಲ್ಲಿ ನಮ್ಮ ಕೆಲವು ಉಪನ್ಯಾಸಕರು ತುಸು ಮುಜುಗರಪಡುವುದುಂಟು. ಜಮೀನು ಹೋದದ್ದಕ್ಕಾಗಿ ಅವನು ದಂಗೆಯೆದ್ದನು ಎಂದರೆ ಅವನ ದೇಶಭಕ್ತಿಗೆ ಕುಂದು ಬರುತ್ತದೆಂದು ಅವರ ಅಂಜಿಕೆ. ಆದ್ದರಿಂದ ಆ ಭಾಗವನ್ನು ಮೆಲ್ಲಗೆ ದಾಟಿ, ರಾಣಿಯವರ ಮೇಲಿನ ಭಕ್ತಿಯನ್ನು ಮಾತ್ರ ದೊಡ್ಡದಾಗಿ ಹೇಳುತ್ತಾರೆ. ಕಾಯಕವನ್ನು ಧರ್ಮವೆಂದು ಒಪ್ಪಿದವರು ಹೀಗೆ ಅಂಜಬೇಕಾದ ಕಾರಣವಿಲ್ಲ. ಶರಣರು ದುಡಿಮೆಯನ್ನೂ ಭಕ್ತಿಯನ್ನೂ, ಅನ್ನವನ್ನೂ ಅರಿವನ್ನೂ ಎರಡು ಕೋಣೆಗಳಲ್ಲಿಟ್ಟು ನೋಡಿದವರಲ್ಲ. ಹೊಲವು ರಾಯಣ್ಣನಿಗೆ ಆಸ್ತಿಯಾಗಿದ್ದಷ್ಟೇ ಮಾತಿನ ಮುದ್ರೆಯೂ ಆಗಿತ್ತು: ನೀನು ಊರನ್ನು ಕಾಯಿ, ನಾವು ನಿನ್ನನ್ನು ಕಾಯುತ್ತೇವೆ ಎಂಬ ಮಾತು. ಕಂಪನಿ ಹೊಲವನ್ನು ಕಸಿದಾಗ ಆ ಮಾತನ್ನೇ ಮುರಿಯಿತು. ಅವನು ತನ್ನ ಪಾಲಿನ ಅರ್ಧ ಮಾತನ್ನು ಮುರಿಯಲಿಲ್ಲ, ಅಷ್ಟೇ. ಕೊಟ್ಟವರು ಇಲ್ಲದಿದ್ದರೂ ಕೊಡಲ್ಪಟ್ಟ ಕಾವಲು ಅವನ ಹೆಗಲ ಮೇಲೆ ಇದ್ದೇ ಇತ್ತು.

ಹೀಗೆ ನೋಡಿದರೆ ಅವನು ಜೋಳವಾಳಿಯೂ ಅಲ್ಲ, ವೇಳೆವಾಳಿಯೂ ಅಲ್ಲ. ಜೋಳವಾಳಿಯಾಗಿದ್ದರೆ ಉಳಿದ ತುಂಡು ಹೊಲವನ್ನು ಉಣ್ಣುತ್ತ, ಈಗ ಅನ್ನ ಕೊಡುತ್ತಿರುವ ಸರಕಾರಕ್ಕೆ ತಲೆಬಾಗುವುದು ನ್ಯಾಯವೆಂದು ತನ್ನನ್ನು ತಾನೇ ಒಪ್ಪಿಸಿಕೊಳ್ಳಬಹುದಾಗಿತ್ತು. ಹಾಗೆ ಒಪ್ಪಿಸಿಕೊಂಡವರು ಆ ಕಾಲದಲ್ಲಿ ಬಹಳ ಮಂದಿ ಇದ್ದರು; ಅವರನ್ನು ಹಳಿಯುವುದು ಸುಲಭ, ಮಕ್ಕಳುಮರಿಗಳಿದ್ದ ಅವರ ಪಾಡನ್ನು ಅರಿಯುವುದು ಕಷ್ಟ. ವೇಳೆವಾಳಿಯಾಗಿದ್ದರೆ 1829ರ ಫೆಬ್ರುವರಿಯಲ್ಲಿಯೇ ಅವನ ಕಥೆ ಮುಗಿಯಬೇಕಾಗಿತ್ತು. ರಾಣಿಯವರ ಜೊತೆ ಸಾಯದೆ, ಅವರಿಲ್ಲದ ನಾಡಿನಲ್ಲಿ ಅವರ ಕೆಲಸವನ್ನು ಮುಂದುವರಿಸಿದ್ದು ಅವನ ವಿಶೇಷ.

ಇದಕ್ಕೆ ಹತ್ತಿರದ ಮಾದರಿ ಇದೇ ಮಲಪ್ರಭೆಯ ದಂಡೆಯಲ್ಲಿ, ಹನ್ನೆರಡನೆಯ ಶತಮಾನದ ಶರಣ ಪರಂಪರೆಯ ನೆನಪಿನಲ್ಲಿ ಸಿಗುತ್ತದೆ. ಕಲ್ಯಾಣದ ಕ್ರಾಂತಿಯ ಅನಂತರ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದಾಗ ಬೆನ್ನಟ್ಟಿ ಬಂದ ಸೈನ್ಯವನ್ನು ಮಡಿವಾಳ ಮಾಚಯ್ಯನವರು ಹಿಂದೆ ನಿಂತು ತಡೆದರೆಂದೂ, ಕಾದರವಳ್ಳಿಯಲ್ಲಿ ಕದನ ನಡೆಯಿತೆಂದೂ ಐತಿಹ್ಯ. ಬಸವಣ್ಣನವರು ಆಗ ಕಲ್ಯಾಣದಲ್ಲಿರಲಿಲ್ಲ, ಕಲ್ಯಾಣವೇ ಕಲ್ಯಾಣವಾಗಿ ಉಳಿದಿರಲಿಲ್ಲ. ಆದರೂ ಕಾಯಬೇಕಾದದ್ದು ಇತ್ತು, ಮಾಚಯ್ಯನವರು ಕಾದರು. ರಾಯಣ್ಣನು ಹಾಲುಮತದ ಕುರುಬರ ಮನೆಯ ಮಗ. ಅವನನ್ನು ನಮ್ಮ ಸಂಪ್ರದಾಯದವನೆಂದು ಹೇಳಿಕೊಳ್ಳುವ ಹಂಬಲದಿಂದ ಈ ಹೋಲಿಕೆಯನ್ನು ಮಾಡುತ್ತಿಲ್ಲ. ಎಲ್ಲ ದೊಡ್ಡವರನ್ನೂ ತಮ್ಮ ಮನೆಯ ಜಗಲಿಗೆ ಎಳೆದುಕೊಳ್ಳುವ ಚಟ ಈಚೆಗೆ ಎಲ್ಲೆಡೆ ಹೆಚ್ಚಿದೆ, ಅದು ಸಾಕು. ಭೃತ್ಯಾಚಾರದ ಜೊತೆಗೇ ಗಣಾಚಾರವನ್ನೂ ಇಟ್ಟ ಒಂದು ದರ್ಶನದಿಂದ ನೋಡಿದಾಗ ಅವನು ಹೆಚ್ಚು ಸ್ಪಷ್ಟವಾಗಿ ಕಾಣುತ್ತಾನೆ ಎಂಬುದಷ್ಟೇ ನಮ್ಮ ಮಾತು. ಬಾಗಿ ಸೇವೆ ಮಾಡುವುದೂ, ಅನ್ಯಾಯ ಕಂಡಾಗ ಬಾಗದೆ ನಿಲ್ಲುವುದೂ ಒಬ್ಬನಲ್ಲಿಯೇ ಕೂಡಿರಬಹುದೆಂಬುದಕ್ಕೆ ಅವನು ಸಾಕ್ಷಿ.

ನಿಷ್ಠೆ ಎಂಬ ಪದವನ್ನು ಎಚ್ಚರದಿಂದ ಬಳಸಬೇಕಾದದ್ದಕ್ಕೆ ಇನ್ನೂ ಕಹಿಯಾದ ಕಾರಣವಿದೆ. ಬಯಲಿನ ಯುದ್ಧದಲ್ಲಿ ಕಂಪನಿಗೆ ರಾಯಣ್ಣನನ್ನು ಹಿಡಿಯಲಾಗಲಿಲ್ಲ. 1830ರ ಏಪ್ರಿಲ್‌ನಲ್ಲಿ ಅವನು ಸಿಕ್ಕಿದ್ದು ನಂಬಿದವರ ಮೋಸದಿಂದ. ಡೋರಿ ಬೆಣಚಿ ಹಳ್ಳದಲ್ಲಿ ಸ್ನಾನಕ್ಕಿಳಿದಾಗ ಅವನನ್ನು ಹಿಡಿಸಿಕೊಟ್ಟರೆಂದು ಹೇಳುವ ಜನಪದವು ಖೋದಾನಪುರ, ನೇಗಿನಹಾಳಗಳ ಗೌಡರನ್ನು ಬೊಟ್ಟುಮಾಡಿ ತೋರಿಸುತ್ತದೆ. ಅವರು ಹೊರಗಿನವರಲ್ಲ, ಈ ನೆಲದವರೇ. ಅಂದಿನ ಸರಕಾರದ ಕಣ್ಣಿನಿಂದ ನೋಡಿದರೆ ನಿಷ್ಠಾವಂತರು ಅವರೇ! ವರ್ತಮಾನದ ಒಡೆಯನಿಗೆ ಅವರು ಪೂರ್ಣವಾಗಿ ನಿಷ್ಠರಾಗಿದ್ದರು. ರಾಯಣ್ಣನು ಕಂಪನಿಗೆ ದಂಗೆಕೋರ. ಬರಿಯ ಸ್ವಾಮಿನಿಷ್ಠೆಯನ್ನೇ ಗುಣವೆಂದು ಎತ್ತಿಹಿಡಿದರೆ ಆ ಗೌಡರಿಗೂ ಆರತಿ ಎತ್ತಬೇಕಾಗುತ್ತದೆ. ಯಾರಿಗೆ ನಿಷ್ಠೆ ಎಂಬುದಕ್ಕಿಂತ, ಏನನ್ನು ಕಾಯುವುದಕ್ಕಾಗಿ ನಿಷ್ಠೆ ಎಂದು ಕೇಳುವುದು ಲೇಸು.

1831ರ ಜನವರಿ 26ರಂದು ನಂದಗಡದ ಬಳಿ ಆಲದ ಮರಕ್ಕೆ ಅವನನ್ನು ಗಲ್ಲಿಗೇರಿಸಿದರು. 1798ರ ಆಗಸ್ಟ್ 15 ಅವನ ಜನ್ಮದಿನವೆಂದು ಆಚರಿಸುತ್ತೇವೆ. ಆ ಲೆಕ್ಕದಲ್ಲಿ ಅವನ ವಯಸ್ಸು ಮೂವತ್ತೆರಡು. ಸ್ವಾತಂತ್ರ್ಯದ ದಿನವೂ ಗಣರಾಜ್ಯದ ದಿನವೂ ಅವನ ಹುಟ್ಟುಸಾವುಗಳ ಮೇಲೆಯೇ ಬಂದು ಕೂತಿರುವುದನ್ನು ಈ ಭಾಗದ ಶಾಲಾಮಾಸ್ತರರು ಬೆರಗಿನಿಂದ ಮಕ್ಕಳಿಗೆ ಹೇಳುತ್ತಾರೆ. ಸಂಗಡಿಗ ಬಿಚ್ಚುಗತ್ತಿ ಚನ್ನಬಸಪ್ಪನು ಸಮಾಧಿಯ ಮೇಲೆ ಆಲದ ಸಸಿಯನ್ನು ನೆಟ್ಟನೆಂದು ಪ್ರತೀತಿ. ಆ ಮರ ಇಂದು ಹೆಮ್ಮರ. ಮಕ್ಕಳ ಭಾಗ್ಯವನ್ನು ಬೇಡುವ ತಾಯಂದಿರು ಅದಕ್ಕೆ ಪುಟ್ಟ ತೊಟ್ಟಿಲುಗಳನ್ನು ಕಟ್ಟುತ್ತಾರೆ. ಊರನ್ನು ಕಾದವನು ಒಡಲನ್ನೂ ಕಾದಾನೆಂಬ ಅವರ ನಂಬಿಕೆಯನ್ನು ಮೂಢತನವೆಂದು ನಗುವ ಅಧಿಕಾರ ಯಾರಿಗೂ ಇಲ್ಲ.

ಆದರೆ ಭಕ್ತಿ ಬೆಳೆದಷ್ಟೂ ಚರಿತ್ರೆ ತೆಳುವಾಗುತ್ತಿದೆಯೇ ಎಂಬ ಸಂದೇಹ ಕಾಡುತ್ತದೆ. ಬೆಂಗಳೂರಿನ ದೊಡ್ಡ ರೈಲು ನಿಲ್ದಾಣಕ್ಕೆ ಅವನ ಹೆಸರಿದೆ. ಸಂಗೊಳ್ಳಿಯಲ್ಲಿ ಅವನ ಗುಡಿಯಿದೆ, ಅವನು ಸಾಮು ಮಾಡುತ್ತಿದ್ದ ಕಟ್ಟಿಗೆಯ ತೂಕದ ಗುಂಡೊಂದು ಅಲ್ಲಿದೆ, ಸೈನಿಕ ಶಾಲೆ ಬಂದಿದೆ, ಜನವರಿಯಲ್ಲಿ ಉತ್ಸವ ನಡೆಯುತ್ತದೆ. ಇವೆಲ್ಲ ಸಂತೋಷದ ಸಂಗತಿಗಳೇ. ಇದರ ಜೊತೆಗೇ 2020ರ ಆಗಸ್ಟ್‌ನಲ್ಲಿ ಬೆಳಗಾವಿಯ ಪೀರನವಾಡಿಯಲ್ಲಿ ಅವನ ಪ್ರತಿಮೆಯ ಜಾಗದ ಬಗ್ಗೆ ಜಗಳವೆದ್ದಿತು. 2021ರ ಡಿಸೆಂಬರ್‌ನಲ್ಲಿ ಅನಗೋಳದ ಪ್ರತಿಮೆಗೆ ಹಾನಿ ಮಾಡಿದರು. ಪ್ರತಿಮೆಗಾಗಿ ಬೀದಿಗಿಳಿದವರಲ್ಲಿ ಎಷ್ಟು ಜನಕ್ಕೆ ಶೇತಸನದಿ ಎಂದರೇನೆಂದು ಗೊತ್ತಿತ್ತು? ಅವನ ದಂಡಿನಲ್ಲಿ ಸಿದ್ದಿ ಜನಾಂಗದ ಗಜವೀರನಿದ್ದನೆಂಬುದನ್ನು, ಹಲವು ಜಾತಿಗಳ ಬಡ ಒಕ್ಕಲುಮಕ್ಕಳು ಅವನ ಬೆನ್ನಿಗೆ ನಿಂತರೆಂಬುದನ್ನು ಎಷ್ಟು ಜನ ನೆನೆದರು? ಅಂದು ಕಿತ್ತೂರಿನ ನೆನಪಿಗೂ ಕಂಪನಿಯ ಚಾಕರಿಗೂ ನಡುವೆ ಸಿಲುಕಿದವನು ಇಂದು ಮರೆತ ಚರಿತ್ರೆಗೂ ಮೆರೆಯುವ ಭಕ್ತಿಗೂ ನಡುವೆ ಸಿಲುಕಿದ್ದಾನೆ.

ನಮ್ಮ ಶರಣಬಂಧುಗಳಲ್ಲಿ ಒಂದು ಅರಿಕೆ. ನಂದಗಡದ ಸಮಾಧಿಗೆ ಪ್ರತಿವರ್ಷ ಅನೇಕರು ಕುಟುಂಬ ಸಮೇತ ಹೋಗಿ ಕಾಯಿ ಒಡೆಸಿ ಬರುತ್ತೀರಿ. ಕಿತ್ತೂರಿನಿಂದ ಹೊರಟರೆ ದಾರಿಯಲ್ಲಿಯೇ ಬೀಡಿ ಸಿಗುತ್ತದೆ. ರಾಯಣ್ಣನ ದಂಡು ಸುಟ್ಟ ಕಂಪನಿಯ ಕಚೇರಿ ಇದ್ದದ್ದು ಆ ಊರಿನಲ್ಲಿ. ಅಲ್ಲಿ ಪೂಜೆಯಿಲ್ಲ, ತೊಟ್ಟಿಲಿಲ್ಲ. ಮುಂದಿನ ಸಲ ಅಲ್ಲಿ ಗಾಡಿ ನಿಲ್ಲಿಸಿ, ಸುಟ್ಟ ಆ ಕಚೇರಿಯಲ್ಲಿ ಯಾರ ಹೊಲದ ಯಾವ ಲೆಕ್ಕ ಬರೆಯುತ್ತಿದ್ದರೆಂಬುದನ್ನು ಜೊತೆಗಿರುವ ಮಕ್ಕಳಿಗೆ ಹೇಳಿರಿ. ಅರ್ಧ ಗಂಟೆ ಸಾಕು. ನಂದಗಡದ ಪೂಜೆಗೆ ತಡವಾಗುವುದಿಲ್ಲ.