ವಿಮಾನದ ಮೂಗು ಎಲ್ಲಿರಬೇಕು?

ಬೇಸಗೆಯಲ್ಲಿ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಹೋದವರಿಗೆ ಈ ನೋಟ ಹೊಸದಲ್ಲ. ಹುಡುಗನೊಬ್ಬ ಕಿಟಕಿಯಿಂದಾಚೆ ಮುಖವೊಡ್ಡುತ್ತಾನೆ. ಗಾಳಿಯೊಡನೆ ಧೂಳೂ ಬಾಯಿಗೆ ಬೀಳುತ್ತದೆ. ಪಕ್ಕದ ಅಜ್ಜಿ ಸೆರಗನ್ನು ಮೂಗಿಗೆ ಅಡ್ಡ ಹಿಡಿದು ಸುಮ್ಮನೆ ಕುಳಿತಿರುತ್ತಾಳೆ. ತಮ್ಮ ವಿಮಾನವನ್ನು ತಾವೇ ಕಟ್ಟಿಕೊಳ್ಳುವ ಹವ್ಯಾಸಿಗಳನ್ನು ಕಾಡುವ ಪ್ರಶ್ನೆಯೂ ಇದೇ: ಎಂಜಿನ್ನು ಉಸಿರಾಡಬೇಕಾದುದು ಹುಡುಗನಂತೆಯೋ, ಅಜ್ಜಿಯಂತೆಯೋ?

ಈ ಹವ್ಯಾಸ ನಮ್ಮ ನಾಡಿಗೆ ತೀರ ಅಪರಿಚಿತವೇನಲ್ಲ. ಅಮೆರಿಕದ ಬರ್ಟ್ ರೂಟನ್ ಹವ್ಯಾಸಿಗಳಿಗೆಂದೇ ರಚಿಸಿದ ‘ಲಾಂಗ್-ಈಜಿ’ಯ ಮಾದರಿಯಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು 1980ರ ದಶಕದಲ್ಲಿ ಪುಟ್ಟ ವಿಮಾನವೊಂದನ್ನು ನಿರ್ಮಿಸಿ ಹಾರಿಸಿತು. ಅದರ ಎಂಜಿನ್ನು ಹಿಂಬದಿಯಲ್ಲಿದೆ. ಒಡಲನ್ನು ಸವರಿಕೊಂಡು ಬರುವ ಗಾಳಿ ಹಿಂದೆ ಹಿಂದೆ ಹೋದಂತೆ ವೇಗಗುಂದುತ್ತದೆ. ಆದುದರಿಂದ ಬಾಯಿಯನ್ನು ಎಲ್ಲಿ ಕೊರೆಯಬೇಕೆಂಬುದು ಅಲ್ಲಿ ಇನ್ನೂ ಸೂಕ್ಷ್ಮವಾದ ವಿಚಾರ.

ಬಾಯಿ ಗಾಳಿಗೆ ಎದುರಾಗಿದ್ದರೆ ವೇಗವೇ ಗಾಳಿಯನ್ನು ಒಳಕ್ಕೆ ಒತ್ತುತ್ತದೆ. ಆದರೆ ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿಯೂ ಈ ಲಾಭ ಹೆಚ್ಚೆಂದರೆ ನೂರಕ್ಕೆ ಎರಡು ಪಾಲು. ಅದಕ್ಕೆ ಪ್ರತಿಯಾಗಿ ಧೂಳು ಒಳನುಗ್ಗಿ ಸಿಲಿಂಡರನ್ನೂ ಪಿಸ್ಟನ್ನಿನ ಬಳೆಗಳನ್ನೂ ಸವೆಸುತ್ತದೆ. ಹಾಗೆಂದು ಎಂಜಿನ್ನಿನ ಮುಸುಕಿನೊಳಗಿನ ಗಾಳಿಯನ್ನೇ ಕುಡಿಸೋಣವೆಂದರೆ, ಅದು ಹೊರಗಿನದಕ್ಕಿಂತ 30 ಡಿಗ್ರಿ ಬಿಸಿಯಾಗಿದ್ದರೂ ಸಾಕು, ಸುಮಾರು ಹತ್ತರಲ್ಲೊಂದು ಪಾಲು ತೆಳುವಾಗುತ್ತದೆ. ಎಂಜಿನ್ನಿನ ಶಕ್ತಿಯೂ ಕುಗ್ಗುತ್ತದೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮಂಜನ್ನು ನೆನೆಯಿರಿ. ಅಂಥ ತೇವದ ಗಾಳಿಯಲ್ಲಿ, ಹೊರಗೆ 20 ಡಿಗ್ರಿ ಉಷ್ಣವಿದ್ದರೂ, ಕಾರ್ಬ್ಯುರೇಟರಿನೊಳಗೆ ಮಂಜುಗಡ್ಡೆ ಕಟ್ಟಬಲ್ಲದು! ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣ. ಮಣ್ಣಿನ ಹೂಜಿ ನೀರನ್ನು ತಂಪಾಗಿಸುವ ಗುಟ್ಟೂ ಇದೇ. ಹೂಜಿಯಲ್ಲಿ ವರವಾದುದು ಇಲ್ಲಿ ಶಾಪ. ಗಂಟಲು ಕಟ್ಟಿದ ಎಂಜಿನ್ನು ಕಾಡಿನ ಮೇಲೆ ಹಾರುತ್ತಿರುವಾಗಲೇ ನಿಂತುಹೋದೀತು.

ಹಾಗಾದರೆ ಆಯ್ಕೆ ಯಾವುದು? ತಂಪು ಗಾಳಿಗೆ ಎದುರಾಗಿ ಒಂದು ಬಾಯಿ; ಅದಕ್ಕೆ ಅಡ್ಡಲಾಗಿ ಧೂಳು ತಡೆಯುವ ಶೋಧಕ; ಇವೆರಡರ ಜೊತೆಗೆ, ಹೊಗೆಕೊಳವೆಯ ಬಳಿಯ ಬಿಸಿಗಾಳಿಯನ್ನು ಬೇಕಾದಾಗ ಒಳಬಿಡುವ ಕದವೊಂದು, ಅದರ ಹಿಡಿ ಚಾಲಕನ ಕೈಗೆಟುಕುವಂತೆ. ಶೋಧಕವು ಆ ಎರಡು ಪಾಲಿನ ಲಾಭದಲ್ಲಿ ಒಂದಿಷ್ಟನ್ನು ನುಂಗುವುದು ನಿಜ. ನುಂಗಲಿ. ವೇಗ ತುಸು ತಗ್ಗಿದರೆ ಊರು ತಡವಾಗಿ ಬಂದೀತು. ಉಸಿರು ನಿಂತರೆ ಊರೇ ಬಾರದು.

ಚಾಮರಾಜನಗರ ಸಮೀಪಿಸುವ ಹೊತ್ತಿಗೆ ಹುಡುಗ ಮುಖವನ್ನು ಒಳಗೆಳೆದುಕೊಂಡಿರುತ್ತಾನೆ. ಅಜ್ಜಿ ಅದೇ ಸೆರಗಿನಿಂದ ಅವನ ಕಣ್ಣೊರೆಸುತ್ತಿರುತ್ತಾಳೆ.