ಅಂತರಿಕ್ಷದ ಕಣ್ಣೂ ಕಪಿಲೆಯ ನೆರೆಯೂ

ಕಳೆದ ಮಳೆಗಾಲದಲ್ಲಿ ನಮ್ಮ ನೆರೆಮನೆಯ ಗೃಹಿಣಿಯೊಬ್ಬರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ಅವರ ತವರು ನಂಜನಗೂಡು. ಮನೆಯು ಕಪಿಲೆಯ ದಡಕ್ಕೆ ಸಮೀಪ. “ಮೇಷ್ಟ್ರೇ, ಆಕಾಶದಲ್ಲಿ ಅಷ್ಟೊಂದು ಉಪಗ್ರಹಗಳು ತಿರುಗುತ್ತಿವೆಯಂತೆ. ನಮ್ಮಣ್ಣ ಅಕ್ಕಿಯ ಮೂಟೆಯನ್ನು ಯಾವಾಗ ಅಟ್ಟಕ್ಕೇರಿಸಬೇಕೆಂಬುದನ್ನು ಅವು ಮುಂಚಿತವಾಗಿ ಹೇಳಲಾರವೇ?” ಅಂದು ತಕ್ಕ ಉತ್ತರವು ನನಗೆ ತೋಚಲಿಲ್ಲ. ಆಮೇಲೆ ಓದಿ ತಿಳಿದುದನ್ನು ವಾಚಕರ ಮುಂದಿಡುತ್ತೇನೆ.

ಮಳೆಯನ್ನು ಅಳೆಯುವ ವಿದ್ಯೆ ನಮ್ಮಲ್ಲಿ ಹೊಸದಲ್ಲ. ಉಗ್ರಾಣದಲ್ಲಿ ಒಂದು ಅರತ್ನಿ ಅಗಲದ ಬಾಯುಳ್ಳ ಕುಂಡವನ್ನು ಇಡಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿಧಿಸಿದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮಳೆಗೆ ಆಢಕ, ದ್ರೋಣ ಎಂಬ ಮಾನಗಳುಂಟು. ಆದರೆ ಕುಂಡವು ತನ್ನೊಳಗೆ ಬಿದ್ದುದನ್ನು ಮಾತ್ರ ಬಲ್ಲದು. ನಂಜನಗೂಡನ್ನು ಮುಳುಗಿಸುವ ಮಳೆಯಾದರೋ ಬಹುಪಾಲು ಕೇರಳದ ವಯನಾಡಿನ ಬೆಟ್ಟಗಳಲ್ಲಿ ಸುರಿಯತಕ್ಕದ್ದು. ಅಲ್ಲಿಂದ ಇಳಿದ ನೀರಿಗೆ ಬೀಚನಹಳ್ಳಿಯ ಕಬಿನಿ ಜಲಾಶಯವೇ ತಡೆ. ಕೃಷ್ಣರಾಜಸಾಗರವು 49.45 ಟಿ.ಎಂ.ಸಿ. ಅಡಿ ನೀರನ್ನು ಹಿಡಿದರೆ ಇದು ಹಿಡಿಯುವುದು 19.52 ಮಾತ್ರ. ಆದುದರಿಂದ ಬೇಗನೆ ತುಂಬುತ್ತದೆ, ತುಂಬಿದೊಡನೆ ತೂಬುಗಳನ್ನು ತೆರೆಯಲೇಬೇಕು. 2019ರ ಆಗಸ್ಟಿನಲ್ಲಿ ಹೊರಬಿಟ್ಟ ನೀರು ಸೆಕೆಂಡಿಗೆ ಲಕ್ಷ ಘನ ಅಡಿಯನ್ನು ಮೀರಿತು. ಸ್ನಾನಘಟ್ಟದ ಹದಿನಾರು ಕಾಲಿನ ಮಂಟಪ ಮುಳುಗಿತು, ಮಲ್ಲನಮೂಲೆ ಮಠದ ಬಳಿ ಮೈಸೂರಿನ ರಸ್ತೆಯೂ ಕಡಿಯಿತು. 2018ರಲ್ಲಿಯೂ 2024ರಲ್ಲಿಯೂ ಅದೇ ಕಥೆ.

ಮುಟ್ಟದೆಯೇ ತಿಳಿಯುವ ಈ ಶಾಸ್ತ್ರಕ್ಕೆ ದೂರಸಂವೇದನೆಯೆಂದು ಹೆಸರಿಟ್ಟಿದ್ದಾರೆ. ಹೆಸರೇನೋ ಚೆನ್ನಾಗಿಯೇ ಇದೆ. ನೀರಿನ ವಿಷಯದಲ್ಲಿ ಎರಡು ಬಗೆಯ ಉಪಗ್ರಹಗಳನ್ನು ಮುಖ್ಯವಾಗಿ ಗಮನಿಸಬೇಕು. ಮೊದಲನೆಯದು ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ, ನಮ್ಮ ನೆತ್ತಿಯ ಕಡೆಗೇ ನಿಂತಂತೆ ತೋರುವ ಇನ್ಸಾಟ್ ಜಾತಿಯದು. 2024ರ ಫೆಬ್ರವರಿ 17ರಂದು ಹಾರಿದ ಇನ್ಸಾಟ್-3ಡಿಎಸ್ ಈ ಬಗೆಯದು. ಇಂಥವನ್ನು ಅಂಕೆಯಲ್ಲಿಡುವ ಕೇಂದ್ರವು ನಮಗೆ ದೂರವಲ್ಲದ ಹಾಸನದಲ್ಲಿದೆ. ಇದು ಹಗಲಿರುಳೂ ಮೋಡವನ್ನು ನೋಡುತ್ತ, ಮೋಡದ ನೆತ್ತಿ ಎಷ್ಟು ತಣ್ಣಗಿದೆಯೆಂಬುದರಿಂದ ಅದರ ಎತ್ತರವನ್ನೂ, ಎತ್ತರದಿಂದ ಮಳೆಯನ್ನೂ ಊಹಿಸಲು ನೆರವಾಗುತ್ತದೆ. ಇಲ್ಲೊಂದು ತೊಡಕುಂಟು. ಪಶ್ಚಿಮಘಟ್ಟದಲ್ಲಿ ಗುಡ್ಡಕ್ಕೆ ತಾಗಿ ನಿಂತ ತಗ್ಗು ಮೋಡಗಳೂ ಧಾರಾಕಾರವಾಗಿ ಸುರಿಯುತ್ತವೆ; ಅವುಗಳ ನೆತ್ತಿ ಅಷ್ಟೇನೂ ತಣ್ಣಗಿರುವುದಿಲ್ಲ. ಆಗ ಉಪಗ್ರಹದ ಲೆಕ್ಕವು ನಿಜಕ್ಕಿಂತ ಕಡಮೆಯಾಗುತ್ತದೆ.

ಎರಡನೆಯದು ಕೆಲವು ನೂರು ಕಿಲೋಮೀಟರು ಮೇಲೆ ಭೂಮಿಯನ್ನು ಸುತ್ತುವ ರೇಡಾರ್ ಉಪಗ್ರಹ. ಇದು ತಾನೇ ರೇಡಿಯೋ ಅಲೆಗಳನ್ನು ಕೆಳಕ್ಕೆ ಬೀರಿ ಮರಳಿ ಬಂದುದನ್ನು ಹಿಡಿಯುವುದರಿಂದ ಕತ್ತಲೆಯೂ ಮೋಡವೂ ಇದಕ್ಕೆ ಅಡ್ಡಿಯಲ್ಲ. ಕತ್ತಲೆ ಕೋಣೆಯಲ್ಲಿ ಓರೆಯಾಗಿ ಟಾರ್ಚು ಬಿಟ್ಟು ನೋಡಿರಿ: ಸುಣ್ಣದ ಗೋಡೆ ಬೆಳ್ಳಗೆ ಕಾಣುವುದು, ಕನ್ನಡಿಯು ಬೆಳಕನ್ನು ಅತ್ತಲಾಗಿ ತಳ್ಳಿ ತಾನು ಕಪ್ಪಾಗಿ ತೋರುವುದು. ಹಾಗೆಯೇ ನಿಂತ ನೀರು ರೇಡಾರಿನ ಚಿತ್ರದಲ್ಲಿ ಕಪ್ಪು. 2022ರಲ್ಲಿ ಹಾರಿದ ಇಓಎಸ್-04 ಇಂಥದು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದವರು ಇಂಥ ಚಿತ್ರಗಳಿಂದ ನೆರೆಯ ನಕ್ಷೆಗಳನ್ನು ತಯಾರಿಸುತ್ತಾರೆ. ಇದರ ಅಲೆಯ ಉದ್ದ ಸುಮಾರು ಮೂರು ಬೆರಳಗಲ. ಬಾಳೆಯ ತೋಟದೊಳಗೆ ನೀರು ನಿಂತಿದ್ದರೆ ಎಲೆಗಳೇ ಅದನ್ನು ತಡೆಯುತ್ತವೆ. ಇಸ್ರೋ ಮತ್ತು ನಾಸಾ ಕೂಡಿ ಕಟ್ಟಿದ ನಿಸಾರ್ ಎಂಬ ಉಪಗ್ರಹದ ಒಂದು ಬಗೆಯ ಅಲೆಯಾದರೋ ಗೇಣುದ್ದ, ಎಲೆಗಳ ನಡುವೆ ನುಸುಳಬಲ್ಲದು. ಅದು ಶ್ರೀಹರಿಕೋಟೆಯಿಂದ ಏರಿದುದು 2025ರ ಜುಲೈ 30ರಂದು. ವಯನಾಡಿನಲ್ಲಿ ಬೆಟ್ಟ ಕುಸಿದು ನೂರಾರು ಜನ ಮಡಿದುದು ಅದಕ್ಕೆ ಸರಿಯಾಗಿ ಒಂದು ವರ್ಷ ಹಿಂದೆ, ಅದೇ ದಿನ. ಆ ಕುಸಿತವನ್ನೂ ರೇಡಾರ್ ಉಪಗ್ರಹವು ಮೋಡದ ಮೂಲಕವೇ ಕಂಡಿತು. ಆದರೆ ಮರುದಿನ ಕಂಡಿತು.

ಇಲ್ಲಿಯೇ ಆಕೆಯ ಪ್ರಶ್ನೆಗೆ ಉತ್ತರವಿದೆ. ನಿಸಾರ್ ಒಂದೇ ಕಕ್ಷೆಗೆ ಮರಳಲು 12 ದಿನ ಬೇಕು. ಕಪಿಲೆಯ ನೆರೆ ಎರಡು ಮೂರು ದಿನಗಳಲ್ಲಿ ಬಂದು ಇಳಿದಿರುತ್ತದೆ. ಇಂದಿನ ರಾತ್ರಿ ನೀರು ಬರುವುದೇ ಎಂಬುದನ್ನು ತಿಳಿಯಲು ಬೆಟ್ಟದ ಮಳೆಮಾಪಕ, ಹೊಳೆಯ ಅಳತೆಗೋಲು, ಜಲಾಶಯದ ಒಳಹರಿವು ಇವೇ ಬೇಕು. ಕೇಂದ್ರ ಜಲ ಆಯೋಗದವರ ಮುನ್ಸೂಚನೆಗೂ ಇಂಥ ಅಳತೆಗಳೇ ಆಧಾರ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮಪಂಚಾಯಿತಿಗಳಲ್ಲಿ ತಾನಾಗಿ ವರದಿ ಕಳುಹಿಸುವ ಮಳೆಮಾಪಕಗಳನ್ನು ನೆಟ್ಟಿದೆ. ಕೌಟಿಲ್ಯನ ಕುಂಡಕ್ಕೆ ಇನ್ನೂ ನಿವೃತ್ತಿಯಾಗಿಲ್ಲ!

ಹಾಗಾದರೆ ರೇಡಾರಿನ ಚಿತ್ರವು ವ್ಯರ್ಥವೇ? ನನ್ನ ಮಟ್ಟಿಗೆ ಅದರ ದೊಡ್ಡ ಉಪಯೋಗವು ನೆರೆ ಇಳಿದ ಮೇಲೆಯೇ. ಎಷ್ಟು ನೀರು ಬಿಟ್ಟಾಗ ಯಾವ ಗದ್ದೆ, ಯಾವ ಬೀದಿ ಮುಳುಗಿತೆಂಬುದನ್ನು ಹಳೆಯ ಚಿತ್ರಗಳಿಂದ ತಾಳೆ ನೋಡಿಟ್ಟುಕೊಂಡರೆ, ಮುಂದೆ ಅಷ್ಟೇ ನೀರು ಬಿಡುವರೆಂದು ಕೇಳಿದಾಗ ಯಾವ ಮನೆಯವರನ್ನು ಮೊದಲು ಎಬ್ಬಿಸಬೇಕೆಂಬುದು ಗೊತ್ತಾಗುತ್ತದೆ.

ಆಕೆಯ ತವರಿನ ನಡುಮನೆಯ ಗೋಡೆಯ ಮೇಲೆ 2019ರ ನೀರಿನ ಕಲೆ ಈಗಲೂ ಇದೆಯಂತೆ. ಅದರ ಪಕ್ಕದಲ್ಲಿ ಅಂದಿನ ಹೊರಹರಿವಿನ ಅಂಕಿಯನ್ನು ಬರೆದಿಡುವಂತೆ ಅಣ್ಣನಿಗೆ ತಿಳಿಸಿರೆಂದೆನು. 2024ರ ಅಂಕಿಯನ್ನೂ ಕೇಳಿದ್ದಾರೆ. ಹಳೆಯ ಪತ್ರಿಕೆಗಳ ಕಟ್ಟಿನಿಂದ ಹುಡುಕಿ ಕೊಡಬೇಕಾಗಿದೆ.